ಒಂದು ಅಪಘಾತ, ನಾಲ್ಕು ವಿಳಾಸ



ಈ ಸಲದ ಪಾಠವನ್ನು ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಖಾನಾಪುರದಲ್ಲಿರುವ ಅಕ್ಕನ ಮನೆಗೆ ಹೋಗಿ ಬೈಕಿನಲ್ಲಿ ವಾಪಸ್ ಬರುತ್ತಿದ್ದೆ. ಮಗ್ರಿಬ್ ಆಗಿ ಕತ್ತಲಾಗಿತ್ತು. ಝಾಡಶಹಾಪುರದ ಹತ್ತಿರ ರಸ್ತೆಯ ಬದಿಗೆ ಒಂದು ಸ್ಕೂಟರ್ ಬಿದ್ದಿತ್ತು, ಸ್ವಲ್ಪ ದೂರದಲ್ಲಿ ಅದರ ಸವಾರ. ಗುದ್ದಿದ ವಾಹನ ನಿಂತಿರಲಿಲ್ಲ. ನನಗಿಂತ ಮೊದಲು ಬಂದಿದ್ದ ಇಬ್ಬರು ಅವರ ತಲೆಯ ಕೆಳಗೆ ಟವಲ್ ಇಟ್ಟಿದ್ದರು. ನಾನು ಆ್ಯಂಬುಲೆನ್ಸಿಗೆ ಫೋನ್ ಮಾಡಿದೆ. ‘ಎಲ್ಲಿ?’ ಎಂದು ಕೇಳಿದರು. ಗಾಬರಿಯಲ್ಲಿ ನಾನು ಹೇಳಿದ್ದು ಇಷ್ಟು: ‘ಶಹಾಪುರ, ಖಾನಾಪುರ ರೋಡ್.’

ಹತ್ತು ನಿಮಿಷದ ನಂತರ ಚಾಲಕರ ಫೋನ್ ಬಂತು. ‘ಸರ್, ನಾವು ಗೋವಾವೇಸ್ ಸರ್ಕಲ್‌ದಾಗ ನಿಂತೇವ್ರಿ. ಇಲ್ಲಿ ಏನೂ ಆಗಿಲ್ಲ. ನೀವ್ ಎಲ್ಲಿ ಅದೀರಿ?’

ತಪ್ಪು ಅವರದಲ್ಲ. ಬೆಳಗಾವಿಯವರಿಗೆ ಶಹಾಪುರ ಎಂದರೆ ನಮ್ಮ ಶಹಾಪುರವೇ, ಖಡೇಬಜಾರಿನ ಸೀರೆ ಅಂಗಡಿಗಳ ಶಹಾಪುರ. ಖಾನಾಪುರ ರೋಡ್ ಎಂಬ ಹೆಸರಿನ ರಸ್ತೆಯೂ ನಗರದೊಳಗೆ ಗೋವಾವೇಸ್‌ನಿಂದ ಟಿಳಕವಾಡಿ ಕಡೆಗೆ ಹೋಗುತ್ತದೆ. ನಾನು ಹೇಳಿದ ಎರಡು ಹೆಸರೂ ಸರಿಯಾಗಿ ಕೂಡುವ ಒಂದು ಜಾಗ ನಗರದಲ್ಲೇ ಇತ್ತು. ನಾನು ನಿಂತಿದ್ದ ಜಾಗವೊಂದನ್ನು ಬಿಟ್ಟು! ‘ಝಾಡ’ ಎಂಬ ಎರಡಕ್ಷರ ನನ್ನ ಬಾಯಿಂದ ಬಿಟ್ಟುಹೋಗಿತ್ತು. ಅಲ್ಲಿಂದ ಉದ್ಯಮಬಾಗ, ಪೀರನವಾಡಿ, ಮಚ್ಛೆ ದಾಟಿ ಅವರು ಬರುವ ತನಕ ಆ ಮನುಷ್ಯ ನನ್ನ ಕೈ ಹಿಡಿದುಕೊಂಡೇ ಇದ್ದರು. ಅವರು ಬದುಕಿದರು, ಅಲ್ಹಮ್ದುಲಿಲ್ಲಾಹ್. ಆದರೆ ಕಾಲಿಗೆ ರಾಡ್ ಹಾಕಬೇಕಾಯಿತು, ತಿಂಗಳುಗಟ್ಟಲೆ ಕೆಲಸವಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ನಮ್ಮ ದ್ವಿತೀಯ ಪಿಯುಸಿಯ ಒಬ್ಬ ವಿದ್ಯಾರ್ಥಿ ಒಂದು ಫೈಲ್ ಹಿಡಿದು ಸ್ಟಾಫ್ ರೂಮಿಗೆ ಬಂದ. ಗಾಯಗೊಂಡವರು ಅವನ ಮಾಮು ಎಂದು ಆಗಲೇ ನನಗೆ ಗೊತ್ತಾದದ್ದು. ಪರಿಹಾರದ ಅರ್ಜಿ ಹಾಕಿದ್ದರು. ‘ಸರ್, ವಕೀಲರು ಕೇಳ್ತಾರ, ಇವೆಲ್ಲಾ ಒಂದೇ ಜಾಗಾನಾ ಅಂತ’ ಎಂದು ಹೇಳಿ ನಾಲ್ಕು ಕಾಗದಗಳನ್ನು ಮೇಜಿನ ಮೇಲೆ ಹರಡಿದ. ಆಸ್ಪತ್ರೆಯ ಕಾಗದದಲ್ಲಿ ‘ಖಾನಾಪುರ ರೋಡ್, ಶಹಾಪುರ, ಬೆಳಗಾವಿ’ ಎಂದಿತ್ತು. ಮನೆಯವರು ಕೊಟ್ಟ ದೂರಿನಲ್ಲಿ ‘ಝಾಡಶಹಾಪುರ ಕ್ರಾಸಿನಿಂದ ಖಾನಾಪುರ ಕಡೆಗೆ 300 ಮೀಟರ್’. ಸ್ಥಳ ಪಂಚನಾಮೆಯ ಪ್ರತಿಯಲ್ಲಿ ‘ಕಿ.ಮೀ. 14ರಲ್ಲಿ’. ನಾಲ್ಕನೆಯದರಲ್ಲಿ ಯಾರೋ ಪೆನ್ನಿನಿಂದ ಬರೆದ ಎರಡು ಸಂಖ್ಯೆಗಳು: 15.4630, 74.2836. (ಕುಟುಂಬದ ಗುರುತು ಸಿಗಬಾರದೆಂದು ಕಲ್ಲಿನ ಅಂಕಿಗಳನ್ನೂ ಅಳತೆಗಳನ್ನೂ ಸಂಖ್ಯೆಗಳನ್ನೂ ನಾನು ಬದಲಿಸಿದ್ದೇನೆ. ಲೆಕ್ಕದ ರೀತಿ ಮಾತ್ರ ಹಾಗೆಯೇ ಇದೆ.)

ಒಂದು ಅಪಘಾತ, ನಾಲ್ಕು ವಿಳಾಸ. ರಸ್ತೆಯ ಮೇಲಿನ ಒಂದು ಬಿಂದುವನ್ನು ಗುರುತಿಸುವ ನಾಲ್ಕು ಬೇರೆ ಬೇರೆ ಪದ್ಧತಿಗಳಿವು. ಒಂದೊಂದೂ ಒಂದೊಂದು ಥರ ಉಪಯೋಗಕ್ಕೆ ಬರುತ್ತದೆ, ಒಂದೊಂದೂ ಒಂದೊಂದು ಥರ ಮೋಸ ಮಾಡುತ್ತದೆ. ನಕಾಶೆಯ ಮೇಲೆ ಚುಕ್ಕೆ ಇಡುವ ಮುಂಚೆ ಯಾವುದು ಹೇಗೆ ಮೋಸ ಮಾಡುತ್ತದೆ ಎಂದು ತಿಳಿದಿರಬೇಕು.

ಹೆಸರು

ಮೊದಲನೆಯದು ಹೆಸರಿನ ಪದ್ಧತಿ. ‘ಮಸೀದಿ ಎದುರು’, ‘ಕಪಿಲೇಶ್ವರ ಓವರ್‌ಬ್ರಿಜ್ ಹತ್ತಿರ’, ‘ಮೂರನೇ ರೈಲ್ವೆ ಗೇಟ್ ಬಾಜೂಕ’. ನಾವೆಲ್ಲ ದಿನವೂ ಬಳಸುವುದು ಇದನ್ನೇ. ಸ್ಥಳೀಯರು ಕೇಳುತ್ತಿದ್ದರೆ ಇದರಷ್ಟು ಬೇಗ ಕೆಲಸ ಮಾಡುವ ಪದ್ಧತಿ ಇನ್ನೊಂದಿಲ್ಲ. ಕೇಳುವವರು ದೂರದ ಕಾಲ್ ಸೆಂಟರಿನಲ್ಲಿದ್ದರೆ, ಅಥವಾ ಕೇಳುವುದು ಕಂಪ್ಯೂಟರ್ ಆಗಿದ್ದರೆ ತೊಂದರೆ ಶುರು.

ಶಹಾಪುರವನ್ನೇ ತೆಗೆದುಕೊಳ್ಳಿ. ಬೆಳಗಾವಿಯ ಒಂದು ಭಾಗ ಶಹಾಪುರ. ಖಾನಾಪುರ ದಾರಿಯ ಹಳ್ಳಿ ಝಾಡಶಹಾಪುರ. ಯಾದಗಿರಿ ಜಿಲ್ಲೆಯಲ್ಲಿ ಒಂದು ತಾಲೂಕು ಶಹಾಪುರ. ಮಹಾರಾಷ್ಟ್ರದ ಠಾಣೆ ಜಿಲ್ಲೆಯಲ್ಲಿ ಮತ್ತೊಂದು. ಖಾನಾಪುರ ಎಂಬ ತಾಲೂಕು ಸಾಂಗಲಿ ಜಿಲ್ಲೆಯಲ್ಲೂ ಇದೆ. ಸಾಂಗಲಿಯ ಹೆಸರು ಬಂತೆಂದು ಒಂದು ಮಾತು: ಸ್ವಾತಂತ್ರ್ಯದ ನಂತರ ಸಂಸ್ಥಾನಗಳು ವಿಲೀನವಾಗುವ ತನಕ ನಮ್ಮ ಶಹಾಪುರ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಪಕ್ಕದ ಬೆಳಗಾವಿ ಬ್ರಿಟಿಷರದ್ದು. ಒಂದು ಓಣಿಯಿಂದ ಇನ್ನೊಂದಕ್ಕೆ ಹೋದರೆ ಸರಕಾರವೇ ಬದಲಾಗುತ್ತಿತ್ತು. ‘ಎಲ್ಲಿ’ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಇಲ್ಲಿ ಅಂದಿನಿಂದಲೂ ಅಷ್ಟು ಸುಲಭವಲ್ಲ ಅನ್ನಿ.

ಇದರ ಮೇಲೆ ಕಾಗುಣಿತ. ನಮ್ಮ ಭಾಗದ ಊರುಗಳಿಗೆ ಕನ್ನಡದಲ್ಲೊಂದು, ಮರಾಠಿಯಲ್ಲೊಂದು, ಉರ್ದುವಿನಲ್ಲೊಂದು, ಇಂಗ್ಲಿಷಿನಲ್ಲಿ ಎರಡು ಮೂರು ಬರವಣಿಗೆ. ಝಾಡಶಹಾಪುರ, ಝಾಡ್ ಶಹಾಪುರ, ಜಾಡಶಾಪುರ, ಈ ಮೂರೂ ನಮ್ಮ ಕಿವಿಗೆ ಒಂದೇ ಊರು. ಕಂಪ್ಯೂಟರಿನ ಯಾದಿಯಲ್ಲಿ ಮೂರು ಊರು. ಹಾಗಾದಾಗ ಒಂದೇ ತಿರುವಿನಲ್ಲಿ ನಡೆದ ಮೂರು ಅಪಘಾತಗಳು ಮೂರು ಕಡೆ ಒಂದೊಂದು ನಡೆದಂತೆ ಕಾಣುತ್ತವೆ.

ಇದಕ್ಕೆ ಉಲ್ಟಾ ಆಗುವುದೂ ಉಂಟು. ‘ಮಚ್ಛೆ ಹತ್ತಿರ’ ಎಂದು ಬರೆದ ಎಲ್ಲಾ ಅಪಘಾತಗಳನ್ನು ನಕಾಶೆ ಮಾಡುವವರು ಊರಿನ ಹೆಸರು ಇರುವ ಒಂದೇ ಬಿಂದುವಿನ ಮೇಲೆ ಇಟ್ಟರೆ, ಆ ಬಿಂದು ಭಯಂಕರ ಜಾಗದಂತೆ ಕಾಣುತ್ತದೆ. ವಾಸ್ತವದಲ್ಲಿ ಅವು ಮೂರು ಕಿಲೋಮೀಟರ್ ಉದ್ದಕ್ಕೂ ಚದುರಿರಬಹುದು. ನಕಾಶೆ ನೋಡಿ ಅಲ್ಲೊಂದು ಹಂಪ್ ಹಾಕಿದರೆ ಯಾರಿಗೂ ಉಪಯೋಗವಿಲ್ಲ.

ಕಲ್ಲು

ಇನ್ನು ಪಂಚನಾಮೆಯ ಭಾಷೆ, ಕಿಲೋಮೀಟರ್ ಕಲ್ಲು. ಇಂಜಿನಿಯರುಗಳಿಗೆ ಬಹಳ ಪ್ರಿಯವಾದ ಪದ್ಧತಿ ಇದು. ರಸ್ತೆಯನ್ನು ಒಂದು ಉದ್ದ ದಾರ ಎಂದುಕೊಳ್ಳಿ. ದಾರದ ಒಂದು ತುದಿಗೆ ಸೊನ್ನೆ. ಅಲ್ಲಿಂದ ಎಷ್ಟು ದೂರ ಎಂದು ಒಂದೇ ಒಂದು ಸಂಖ್ಯೆ ಹೇಳಿದರೆ ಸಾಕು, ಜಾಗ ಸಿಗುತ್ತದೆ. ರಸ್ತೆ ಎಷ್ಟು ಬೇಕಾದರೂ ಡೊಂಕಾಗಿರಲಿ, ಚಿಂತೆಯಿಲ್ಲ. ಈ ದೂರಕ್ಕೆ ಅವರು ‘ಚೈನೇಜ್’ ಎನ್ನುತ್ತಾರೆ. ಹಿಂದೆ ಸರ್ವೆಯವರು 66 ಅಡಿ ಉದ್ದದ ಕಬ್ಬಿಣದ ಸರಪಳಿ ಎಳೆದುಕೊಂಡು ಅಳೆಯುತ್ತಿದ್ದರು, ಆ ಚೈನಿನಿಂದ ಬಂದ ಹೆಸರು. ಹತ್ತು ಸರಪಳಿಗೆ ಒಂದು ಫರ್ಲಾಂಗ್, ಎಂಟು ಫರ್ಲಾಂಗಿಗೆ ಒಂದು ಮೈಲು. ಮೆಟ್ರಿಕ್ ಪದ್ಧತಿ ಬಂದ ಮೇಲೆ ಮೈಲುಗಲ್ಲು ಕಿಲೋಮೀಟರ್ ಕಲ್ಲಾಯಿತು. ಫರ್ಲಾಂಗ್ ಎಂದರೆ ಸರಿಸುಮಾರು 201 ಮೀಟರ್. ಈಗಲೂ ಹೆದ್ದಾರಿಯ ಬದಿಯಲ್ಲಿ 2, 4, 6, 8 ಎಂದಷ್ಟೇ ಬರೆದ ಗಿಡ್ಡ ಕಲ್ಲುಗಳನ್ನು ನೀವು ನೋಡಿರುತ್ತೀರಿ. ಅವು 200 ಮೀಟರಿಗೊಂದು ನೆಡುವ ಕಲ್ಲುಗಳು. ಹಳೆಯ ಫರ್ಲಾಂಗ್ ಹೊಸ ಅಂಗಿ ಹಾಕಿಕೊಂಡು ನಿಂತಂತೆ.

ದೊಡ್ಡ ಕಲ್ಲಿನ ತಲೆಯ ಬಣ್ಣವೂ ಮಾಹಿತಿಯೇ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. 13+400 ಎಂದು ಬರೆದರೆ 13 ಕಿಲೋಮೀಟರ್ ಮತ್ತು 400 ಮೀಟರ್ ಎಂದು ಓದಬೇಕು.

ಕೇಳಲು ಸರಳ. ಈಗ ಇದರ ಮೋಸಗಳನ್ನು ನೋಡೋಣ. ನನಗೆ ಪಾಠದಲ್ಲಿ ಬಹಳ ಇಷ್ಟವಾದ ಭಾಗ ಇದೇ, ಆದ್ದರಿಂದ ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ಮೊದಲನೆಯದಾಗಿ, ಯಾವ ರಸ್ತೆಯ ದಾರ? ಬೆಳಗಾವಿಯಿಂದ ಖಾನಾಪುರ, ಲೋಂಡಾ, ಅನಮೋಡ ಮೇಲೆ ಪಣಜಿಗೆ ಹೋಗುವ ಹೆದ್ದಾರಿಗೆ ಹಿಂದೆ 4ಎ ಎಂಬ ಸಂಖ್ಯೆ ಇತ್ತು. ಪುಣೆ-ಬೆಂಗಳೂರು ಹೆದ್ದಾರಿ 4 ಆಗಿತ್ತು, ಅದರ ಟೊಂಗೆ 4ಎ. 2010ರಲ್ಲಿ ಕೇಂದ್ರ ಸರಕಾರ ದೇಶದ ಹೆದ್ದಾರಿಗಳ ಸಂಖ್ಯೆಗಳನ್ನೆಲ್ಲ ಬದಲಿಸಿತು. 4 ಹೋಗಿ 48 ಬಂತು, 4ಎ ಹೋಗಿ 748 ಬಂತು. 748ರ ಕೊನೆಯ ಎರಡು ಅಂಕಿ ನೋಡಿ, ಇದು 48ರ ಟೊಂಗೆ ಎಂದು ಈಗಲೂ ಹೇಳುತ್ತದೆ. ಆದರೆ ನಮ್ಮ ಟ್ರಕ್ ಚಾಲಕರ ಬಾಯಲ್ಲಿ ಇವತ್ತಿಗೂ ‘ಎನ್‌ಎಚ್ ಫೋರ್’ ಇದೆ. ಹೊಸ ಪಟ್ಟಿಯಲ್ಲಿ ರಾಷ್ಟ್ರೀಯ ಹೆದ್ದಾರಿ 4 ಎಲ್ಲಿದೆ ಗೊತ್ತೇ? ಅಂಡಮಾನಿನಲ್ಲಿ! 2010ಕ್ಕಿಂತ ಹಿಂದಿನ ಬೆಳಗಾವಿಯ ಒಂದು ಅಪಘಾತವನ್ನು ‘ಎನ್‌ಎಚ್ 4’ ಎಂದು ಬರೆದಿಟ್ಟ ಹಾಗೆಯೇ ಹೊಸ ನಕಾಶೆಗೆ ಹಾಕಿದರೆ ಅದು ಸಮುದ್ರ ದಾಟಿಬಿಡುತ್ತದೆ. ಅದಕ್ಕೇ ರಸ್ತೆಯ ಸಂಖ್ಯೆಯ ಜೊತೆಗೆ ವರ್ಷ ಇರಬೇಕು.

ಎರಡನೆಯದು, ಕಲ್ಲಿನಿಂದ ಕಲ್ಲಿಗೆ ನಿಜವಾಗಿ ಸಾವಿರ ಮೀಟರ್ ಇದೆಯೇ? ಬೆಳಗಾವಿ-ಖಾನಾಪುರ ರಸ್ತೆಯನ್ನು ಚತುಷ್ಪಥ ಮಾಡಿದ್ದನ್ನು ನೀವೇ ಕಂಡಿದ್ದೀರಿ. ರಸ್ತೆ ಅಗಲ ಮಾಡುವಾಗ ಡೊಂಕುಗಳನ್ನು ನೆಟ್ಟಗೆ ಮಾಡುತ್ತಾರೆ, ಕೆಲವು ಊರುಗಳನ್ನು ಬೈಪಾಸ್ ಮಾಡುತ್ತಾರೆ. ಡೊಂಕು ಹೋದರೆ ದೂರ ಕಡಿಮೆಯಾಗುತ್ತದೆ, ಬೈಪಾಸ್ ಬಂದರೆ ಸಾಮಾನ್ಯವಾಗಿ ಹೆಚ್ಚಾಗುತ್ತದೆ. ಆಗ ಮುಂದಿನ ಕಲ್ಲುಗಳೆಲ್ಲ ಸುಳ್ಳು ಹೇಳತೊಡಗುತ್ತವೆ. ಕೊನೆಯ ತನಕ ಎಲ್ಲಾ ಕಲ್ಲು ಕಿತ್ತು ಮತ್ತೆ ನೆಡುವುದು ಒಂದು ದಾರಿ. ಹಾಗೆ ಮಾಡಿದರೆ ಹಳೆಯ ದಾಖಲೆಗಳು ಹೊಸ ಕಲ್ಲಿಗೆ ಹೊಂದುವುದಿಲ್ಲ. ಇನ್ನೊಂದು ದಾರಿಯೆಂದರೆ, ಬದಲಾದ ಜಾಗದಲ್ಲಿ ಒಂದು ಸಮೀಕರಣ ಬರೆದಿಡುವುದು: ‘ಹಿಂದಿನಿಂದ ಬಂದರೆ 22+000, ಮುಂದಕ್ಕೆ ಹೋಗಲು 21+400’. ಒಂದೇ ಬಿಂದುವಿಗೆ ಎರಡು ಸಂಖ್ಯೆ. ಅದು ಗೊತ್ತಿಲ್ಲದವನು 21+700 ಎಂಬ ಜಾಗ ಹುಡುಕಲು ಹೋದರೆ ಅವನಿಗೆ ಎರಡು ಜಾಗ ಸಿಗುತ್ತವೆ!

ಇದಕ್ಕೊಂದು ಸಣ್ಣ ಗಣಿತ. 17 ಮತ್ತು 18ನೇ ಕಲ್ಲುಗಳ ನಡುವೆ ಡೊಂಕು ತೆಗೆದಿದ್ದರಿಂದ ಈಗ 920 ಮೀಟರ್ ಮಾತ್ರ ಉಳಿದಿದೆ ಎಂದುಕೊಳ್ಳೋಣ. 17ನೇ ಕಲ್ಲಿನಿಂದ 460 ಮೀಟರ್ ದೂರದಲ್ಲಿ ಅಪಘಾತವಾಗಿದೆ. ಇದನ್ನು 17.46 ಎಂದು ಬರೆಯುವುದೋ, 17.50 ಎಂದೋ? ಟೇಪ್ ಹಿಡಿದವನಿಗೆ 17.46. ಆದರೆ ಆ ಜಾಗ ಇರುವುದು ಎರಡು ಕಲ್ಲುಗಳ ನಟ್ಟನಡುವೆ. 460ನ್ನು 920ರಿಂದ ಭಾಗಿಸಿದರೆ 0.5. ಕಲ್ಲಿಗೆ ಹೊಂದಿಸಿ ಕಂಪ್ಯೂಟರಿನಲ್ಲಿ ಗುರುತಿಸಿದ ರಸ್ತೆಯ ಮೇಲೆ ಇದು 17.50. ಇಲ್ಲಿ ವ್ಯತ್ಯಾಸ 40 ಮೀಟರ್ ಮಾತ್ರ. ಆದರೆ ಯಾರಾದರೂ ಕಾರಿನ ಮೀಟರ್ ನೋಡುತ್ತಾ ಸೊನ್ನೆಯಿಂದಲೇ ಅಳೆದುಕೊಂಡು ಬಂದರೆ ಇಂಥ ನಲವತ್ತುಗಳು ಕೂಡುತ್ತಾ ಹೋಗಿ ಮುಂದಿನ ಊರಿನ ಮುಂದೆ ನಿಲ್ಲಿಸುತ್ತವೆ. ಅದಕ್ಕಾಗಿ ಅಳೆಯುವುದಾದರೆ ಬಹಳ ಹತ್ತಿರದ ಕಲ್ಲಿನಿಂದ ಅಳೆಯಬೇಕು.

ಮೂರನೆಯದು ಬರೀ ಭಾಷೆಯ ಮೋಸ. ‘ಕಿ.ಮೀ. 14ರಲ್ಲಿ’ ಎಂದರೇನು? 14ನೇ ಕಲ್ಲಿನ ಹತ್ತಿರವೋ? ಅಥವಾ ಹದಿನಾಲ್ಕನೆಯ ಕಿಲೋಮೀಟರಿನ ಒಳಗೋ? ಹದಿನಾಲ್ಕನೆಯ ಕಿಲೋಮೀಟರ್ ಇರುವುದು 13 ಮತ್ತು 14ನೇ ಕಲ್ಲುಗಳ ನಡುವೆ. ನಿಮ್ಮ ವಯಸ್ಸನ್ನು ನೆನಪಿಸಿಕೊಳ್ಳಿ. 17 ತುಂಬಿದವನಿಗೆ ನಡೆಯುತ್ತಿರುವುದು ಹದಿನೆಂಟನೆಯ ವರ್ಷ. ಅದೇ ಗೊಂದಲ. ನಮ್ಮ ಫೈಲಿನ ಮೂರನೆಯ ಕಾಗದದ ಗಂಟು ಇಲ್ಲೇ ಇತ್ತು.

ಕ್ರಾಸಿನಿಂದ ಎಷ್ಟು?

ದೂರಿನಲ್ಲಿದ್ದ ‘ಕ್ರಾಸಿನಿಂದ ಖಾನಾಪುರ ಕಡೆಗೆ 300 ಮೀಟರ್’ ಎಂಬುದು ಮೂರನೆಯ ಪದ್ಧತಿ. ಕಲ್ಲುಗಳಿಲ್ಲದ ಊರೊಳಗಿನ ರಸ್ತೆಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಶಹಾಪುರದ ಓಣಿಗಳಲ್ಲಿ ಕಿಲೋಮೀಟರ್ ಕಲ್ಲು ಎಲ್ಲಿಂದ ತರೋಣ? ಪ್ರತಿ ಕೂಡುರಸ್ತೆಗೆ ಒಂದು ಸಂಖ್ಯೆ ಕೊಟ್ಟು, ಎರಡು ಕೂಡುರಸ್ತೆಗಳ ನಡುವಿನ ತುಂಡಿಗೆ ಇನ್ನೊಂದು ಸಂಖ್ಯೆ ಕೊಟ್ಟು, ಆ ತುಂಡಿನ ಆರಂಭದಿಂದ ಎಷ್ಟು ಮೀಟರ್ ಎಂದು ಬರೆಯುತ್ತಾರೆ. ರಸ್ತೆಯ ಹೆಸರು ಬದಲಾದರೂ ಕ್ರಾಸ್ ಓಡಿಹೋಗುವುದಿಲ್ಲವಷ್ಟೆ.

ಇಲ್ಲಿ ಎಲ್ಲರೂ ಮರೆಯುವುದು ದಿಕ್ಕು. ಪೀರನವಾಡಿ ಕ್ರಾಸಿನಲ್ಲಿ ನಿಂತರೆ ಒಂದು ರಸ್ತೆ ಬೆಳಗಾವಿಗೆ, ಒಂದು ಖಾನಾಪುರಕ್ಕೆ, ಒಂದು ಜಾಂಬೋಟಿ, ಕಣಕುಂಬಿ ಮೇಲೆ ಚೋರ್ಲಾ ಘಾಟಿಗೆ. ‘ಪೀರನವಾಡಿ ಕ್ರಾಸಿನಿಂದ 300 ಮೀಟರ್’ ಎಂದಷ್ಟೇ ಹೇಳಿದರೆ ಮೂರು ಜಾಗಗಳಾದವು. ಇಷ್ಟರ ಮೇಲೆ ಚತುಷ್ಪಥದಲ್ಲಿ ಯಾವ ಬದಿ ಎಂದೂ ಹೇಳಬೇಕು. ನಡುವೆ ಡಿವೈಡರ್ ಇದೆ. ಆ್ಯಂಬುಲೆನ್ಸ್ ತಪ್ಪು ಬದಿಯಲ್ಲಿ ಬಂದರೆ ಗಾಯಾಳು ಕಣ್ಣಿಗೆ ಕಾಣುತ್ತಾನೆ, ಕೈಗೆ ಸಿಗುವುದಿಲ್ಲ. ಮುಂದೆ ಹೋಗಿ ತಿರುಗಿಸಿಕೊಂಡು ಬರಬೇಕು.

ಎರಡು ಸಂಖ್ಯೆ

ನಾಲ್ಕನೆಯದು ಅಕ್ಷಾಂಶ, ರೇಖಾಂಶ. ಮೊಬೈಲ್ ಬಂದ ಮೇಲೆ ಉಳಿದದ್ದೆಲ್ಲ ಯಾಕೆ ಬೇಕು, ಜಿಪಿಎಸ್ ಸಾಕಲ್ಲ ಎಂದು ಕ್ಲಾಸಿನಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತೀರಿ. ಪ್ರಶ್ನೆ ಸರಿಯಾದದ್ದೇ. 2021ರಿಂದ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಮೊದಲು ಜಾರಿಗೆ ಬಂದ ‘ಐರ್‍ಯಾಡ್’ ಎಂಬ ರಸ್ತೆ ಅಪಘಾತ ದತ್ತಾಂಶ ವ್ಯವಸ್ಥೆಯಲ್ಲಿ ಪೊಲೀಸರು ಮೊಬೈಲ್ ಆ್ಯಪ್‌ನಲ್ಲೇ ಸ್ಥಳದ ಅಕ್ಷಾಂಶ, ರೇಖಾಂಶ ದಾಖಲಿಸುತ್ತಾರೆ. ಅದನ್ನು ರೂಪಿಸಿದ್ದು ಮದ್ರಾಸ್ ಐಐಟಿ, ಜಾರಿಗೆ ತಂದದ್ದು ಎನ್‌ಐಸಿ. ಈಗ ಅದು ‘ಇ-ಡಾರ್’ ಎಂಬ ಹೆಸರಿನಲ್ಲಿ ಬೆಳೆದು ಪರಿಹಾರ ನ್ಯಾಯಮಂಡಳಿಯ ತನಕ ಮಾಹಿತಿ ಮುಟ್ಟಿಸುವಂತಾಗಿದೆ. ದೊಡ್ಡ ಹೆಜ್ಜೆ, ಸಂಶಯವಿಲ್ಲ.

ಆದರೂ ಜಿಪಿಎಸ್ ಹೇಳುವುದು ಫೋನ್ ಎಲ್ಲಿದೆ ಎಂದು. ಅಪಘಾತ ಎಲ್ಲಾಯಿತು ಎಂದು ಅಲ್ಲ. ಫಾರ್ಮ್ ಅನ್ನು ಆಸ್ಪತ್ರೆಯ ಬಾಗಿಲಲ್ಲಿ ನಿಂತು ತುಂಬಿದರೆ ಆಸ್ಪತ್ರೆಯ ಬಾಗಿಲಿಗೇ ಚುಕ್ಕೆ ಬೀಳುತ್ತದೆ. ಬಯಲಿನಲ್ಲಿ ಫೋನು ಐದು ಹತ್ತು ಮೀಟರ್ ಆಚೀಚೆ ತೋರಿಸುವುದು ಸಹಜ. ಹೊಲದಲ್ಲಿ ಹತ್ತು ಮೀಟರ್ ಏನೂ ಅಲ್ಲ; ಹೆದ್ದಾರಿಯಲ್ಲಿ ಹತ್ತು ಮೀಟರ್ ಎಂದರೆ ಡಿವೈಡರಿನ ಆ ಬದಿ, ಅಥವಾ ಸರ್ವಿಸ್ ರಸ್ತೆ. ಕಪಿಲೇಶ್ವರ ಓವರ್‌ಬ್ರಿಜ್ ಮೇಲೆ ಆದದ್ದೋ, ಕೆಳಗಿನ ರಸ್ತೆಯಲ್ಲಿ ಆದದ್ದೋ ಎಂದು ಎರಡು ಸಂಖ್ಯೆಗಳು ಹೇಳಲಾರವು. ಎರಡಕ್ಕೂ ಅಕ್ಷಾಂಶ ಒಂದೇ, ರೇಖಾಂಶ ಒಂದೇ.

ದಶಮಾಂಶ ಸ್ಥಾನಗಳ ಬೆಲೆಯನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್. ಆದ್ದರಿಂದ ಎರಡನೆಯ ದಶಮಾಂಶ ಸ್ಥಾನದ ಒಂದು ಅಂಕಿಗೆ ಸುಮಾರು 1.1 ಕಿಲೋಮೀಟರ್, ಮೂರನೆಯದಕ್ಕೆ 111 ಮೀಟರ್, ನಾಲ್ಕನೆಯದಕ್ಕೆ 11 ಮೀಟರ್. ರೇಖಾಂಶದ ಡಿಗ್ರಿ ಧ್ರುವಗಳ ಕಡೆಗೆ ಹೋದಂತೆ ಸಣ್ಣದಾಗುತ್ತದೆ. ಬೆಳಗಾವಿಯ ಅಕ್ಷಾಂಶದಲ್ಲಿ ಅದು ಸುಮಾರು 107 ಕಿಲೋಮೀಟರ್. ‘15.78’ ಎಂದು ಎರಡೇ ಸ್ಥಾನ ಬರೆದವನು ಒಂದು ಊರನ್ನು ಹೇಳಿದ್ದಾನೆ, ಜಾಗವನ್ನು ಹೇಳಿಲ್ಲ.

ಈಗ ನಮ್ಮ ನಾಲ್ಕನೆಯ ಕಾಗದಕ್ಕೆ ಬನ್ನಿ. 15.4630, 74.2836 ಎಂಬುದನ್ನು ಫೋನಿನ ನಕಾಶೆಯಲ್ಲಿ ಹಾಕಿದಾಗ ಚುಕ್ಕೆ ಬಿದ್ದದ್ದು ಗೋವಾ ಗಡಿಯ ಹತ್ತಿರ, ಪಶ್ಚಿಮ ಘಟ್ಟದ ಕಾಡಿನಲ್ಲಿ. ವಿದ್ಯಾರ್ಥಿ ನನ್ನ ಮುಖ ನೋಡಿದ. ನಾನು ‘ಆ ಅಂಕಿಗಳನ್ನ ಬಿಡಿಸಿ ನೋಡು’ ಎಂದೆ. ಅವನು ಒಂದು ನಿಮಿಷ ಸುಮ್ಮನಿದ್ದು, ‘ಸರ್, ನಾಲ್ಕರಾಗ ಯಾವ ಜೋಡಿನೂ 60ಕ್ಕಿಂತ ದೊಡ್ಡದಿಲ್ಲ’ ಎಂದ. ಹಿಡಿದುಬಿಟ್ಟಿದ್ದ! 46, 30, 28, 36. ಅವು ದಶಮಾಂಶಗಳಲ್ಲ, ಮಿನಿಟು ಸೆಕೆಂಡುಗಳು. ಯಾರೋ 15 ಡಿಗ್ರಿ 46 ಮಿನಿಟು 30 ಸೆಕೆಂಡು ಎಂಬುದನ್ನು ನಕಲು ಮಾಡುವಾಗ ಚಿಹ್ನೆಗಳನ್ನು ಬಿಟ್ಟು ಒಂದು ಚುಕ್ಕೆ ಇಟ್ಟಿದ್ದರು.

ಲೆಕ್ಕ ಹೀಗೆ: 46ನ್ನು 60ರಿಂದ ಭಾಗಿಸಿದರೆ 0.7667, 30ನ್ನು 3600ರಿಂದ ಭಾಗಿಸಿದರೆ 0.0083, ಕೂಡಿಸಿದರೆ 15.7750. ಹಾಗೆಯೇ ರೇಖಾಂಶ 74.4767. ಎರಡು ಬಿಂದುಗಳ ನಡುವೆ ಉತ್ತರ-ದಕ್ಷಿಣ ಅಂತರ 0.312 ಡಿಗ್ರಿ, ಅಂದರೆ 34.6 ಕಿಲೋಮೀಟರ್. ಪೂರ್ವ-ಪಶ್ಚಿಮ ಅಂತರ 0.1931 ಡಿಗ್ರಿ, ಅಂದರೆ 20.7 ಕಿಲೋಮೀಟರ್. ಪೈಥಾಗೊರಸ್‌ನನ್ನು ಕರೆದರೆ ಉತ್ತರ ಸುಮಾರು 40 ಕಿಲೋಮೀಟರ್. ಒಂದು ಪುಟ್ಟ ಚುಕ್ಕೆ ಒಬ್ಬ ಮನುಷ್ಯನನ್ನು ನಲವತ್ತು ಕಿಲೋಮೀಟರ್ ಆಚೆಯ ಕಾಡಿಗೆ ಒಯ್ದು ಹಾಕಿತ್ತು.

(ಇದೇ ಜಾತಿಯ ಇನ್ನೊಂದು ಬಲೆ: ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟುಗಳು ಎವರೆಸ್ಟ್ ಎಂಬ ಗೋಳದ ಲೆಕ್ಕದ ಮೇಲೆ ನಿಂತಿವೆ, ಜಿಪಿಎಸ್ ಡಬ್ಲ್ಯೂಜಿಎಸ್ 84ರ ಮೇಲೆ. ಬದಲಾಯಿಸದೆ ಒಂದರ ಸಂಖ್ಯೆಯನ್ನು ಇನ್ನೊಂದರ ಮೇಲೆ ಇಟ್ಟರೆ ಚುಕ್ಕೆ ರಸ್ತೆ ಬಿಟ್ಟು ಹೊಲಕ್ಕೆ ಇಳಿಯುತ್ತದೆ. ಭೂಗೋಳದ ಪ್ರಾಯೋಗಿಕದಲ್ಲಿ ನೆನಪಿರಲಿ.)

ಐದು ಚುಕ್ಕೆಗಳು

ಒಬ್ಬರ ಪರಿಹಾರದ ಪ್ರಶ್ನೆ ಬಿಡಿ, ಇಷ್ಟೊಂದು ಮೀಟರುಗಳ ಚೌಕಾಶಿ ಊರಿಗೆ ಯಾಕೆ ಬೇಕು ಎಂದು ಕೇಳಬಹುದು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವ್ಯಾಖ್ಯೆಯಂತೆ, ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತಗಳಾದರೆ, ಅಥವಾ ಹತ್ತು ಸಾವುಗಳಾದರೆ, ಅದು ‘ಬ್ಲ್ಯಾಕ್ ಸ್ಪಾಟ್’. ಆ ಹೆಸರು ಬಿದ್ದರೆ ಇಂಜಿನಿಯರುಗಳು ಬಂದು ನೋಡಬೇಕು, ದೀಪ ಹಾಕಬೇಕೋ, ಕ್ರಾಸ್ ಮುಚ್ಚಬೇಕೋ, ಅಂಡರ್‌ಪಾಸ್ ಬೇಕೋ ಎಂದು ತೀರ್ಮಾನಿಸಬೇಕು. ಹೆಸರು ಬೀಳದಿದ್ದರೆ ಯಾರೂ ಬರುವುದಿಲ್ಲ.

ಪಾಠಕ್ಕಾಗಿ ನಾನೇ ಕಟ್ಟಿದ ಉದಾಹರಣೆ ಇದು. ಮೂರು ವರ್ಷಗಳಲ್ಲಿ ಐದು ಗಂಭೀರ ಅಪಘಾತಗಳು: 13+700, 13+850, 14+050, 14+100, 14+150. ಮೊದಲನೆಯದಕ್ಕೂ ಕೊನೆಯದಕ್ಕೂ 450 ಮೀಟರ್ ಅಂತರ. ಐದೂ ಒಂದೇ ಗುಂಪು, ಬ್ಲ್ಯಾಕ್ ಸ್ಪಾಟ್ ಆಗಲೇಬೇಕು. ಆದರೆ ದಾಖಲೆಯಲ್ಲಿ ಮೀಟರ್ ಬಿಟ್ಟು ದಾಟಿದ ಕಲ್ಲಿನ ಅಂಕಿಯನ್ನಷ್ಟೇ ಬರೆದಿದ್ದಾರೆ ಎಂದುಕೊಳ್ಳಿ. ಆಗ ‘13’ರಲ್ಲಿ ಎರಡು, ‘14’ರಲ್ಲಿ ಮೂರು. ಎರಡಕ್ಕೂ ಐದು ಮುಟ್ಟಲಿಲ್ಲ. ಇನ್ನು 14ನೇ ಕಲ್ಲೇ ಎರಡು ಪೊಲೀಸ್ ಠಾಣೆಗಳ ಹದ್ದು ಆಗಿದ್ದರೆ? ಬೆಳಗಾವಿ ನಗರಕ್ಕೆ ಕಮಿಷನರೇಟ್ ಇದೆ, ಖಾನಾಪುರ ಇರುವುದು ಜಿಲ್ಲಾ ಪೊಲೀಸರ ವ್ಯಾಪ್ತಿಯಲ್ಲಿ. ಇಂಥ ಹದ್ದಿನ ಕಲ್ಲು ಈ ರಸ್ತೆಯ ಮೇಲೆ ಎಲ್ಲೋ ಒಂದು ಕಡೆ ಇದ್ದೇ ಇದೆ. ಎರಡು ರಿಜಿಸ್ಟರುಗಳಲ್ಲಿ ಎರಡು ಮತ್ತು ಮೂರು. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಪ್ರಾಮಾಣಿಕರು. ಆದರೂ ಆ ರಸ್ತೆಗೆ ದೀಪ ಬರುವುದಿಲ್ಲ.

1854ರಲ್ಲಿ ಲಂಡನ್ನಿನ ಡಾಕ್ಟರ್ ಜಾನ್ ಸ್ನೋ ಕಾಲರಾದಿಂದ ಸತ್ತವರ ಮನೆಗಳನ್ನು ನಕಾಶೆಯ ಮೇಲೆ ಗುರುತಿಸಿದಾಗ ಸಾವುಗಳು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ನೆರೆದದ್ದು ಕಂಡಿತು. ಅವನಿಗೆ ಒಂದೊಂದು ಸಾವಿಗೂ ಮನೆಯ ವಿಳಾಸ ಸಿಕ್ಕಿತ್ತು. ಬರೀ ‘ಲಂಡನ್’ ಎಂದು ಬರೆದಿದ್ದರೆ ಪಂಪು ಕಾಣುತ್ತಿರಲಿಲ್ಲ.

ಶನಿವಾರದ ಅಳತೆ

ಒಂದು ಶನಿವಾರ ಆ ಹುಡುಗ, ಅವನ ಇಬ್ಬರು ಗೆಳೆಯರು ಮತ್ತು ನಾನು ಹಗಲು ಹೊತ್ತಿನಲ್ಲಿ, ರಸ್ತೆಯ ಅಂಚಿನ ಹೊರಗೇ ನಡೆಯುತ್ತಾ ಅಳೆಯಲು ಹೋದೆವು. ಅಳತೆಯ ಸಾಧನ ಒಂದು ಸೈಕಲ್. ಟೈರಿಗೆ ಕೆಂಪು ಬಟ್ಟೆ ಕಟ್ಟಿ, ನೆಲದ ಮೇಲೆ ಹತ್ತು ಸುತ್ತು ಉರುಳಿಸಿ ಟೇಪಿನಿಂದ ಅಳೆದಾಗ ಒಂದು ಸುತ್ತಿಗೆ 2.07 ಮೀಟರ್ ಬಂತು. 13ನೇ ಕಲ್ಲಿನಿಂದ ಕ್ರಾಸ್ ತನಕ 121 ಸುತ್ತು, ಅಂದರೆ 250 ಮೀಟರ್. ಕ್ರಾಸಿನಿಂದ ಖಾನಾಪುರ ಕಡೆಗೆ 300 ಸೇರಿಸಿದರೆ 13+550. ಹದಿನಾಲ್ಕನೆಯ ಕಿಲೋಮೀಟರಿನ ಒಳಗೆ! ಪಂಚನಾಮೆ ಸುಳ್ಳು ಹೇಳಿರಲಿಲ್ಲ. ಅದನ್ನು ‘14ನೇ ಕಲ್ಲಿನ ಹತ್ತಿರ’ ಎಂದು ಓದಿದವರು 450 ಮೀಟರ್ ಮುಂದೆ ಹೋಗಿ ಹುಡುಕಿದ್ದರು, ಅಷ್ಟೆ.

ಆ ಜಾಗದಲ್ಲಿ ನಿಂತು ಮೂರು ಫೋನುಗಳಲ್ಲಿ ಅಕ್ಷಾಂಶ ನೋಡಿದೆವು. ಮೂರೂ ನಾಲ್ಕನೆಯ ದಶಮಾಂಶದಲ್ಲಿ ಬೇರೆ ಬೇರೆ. ಹುಡುಗರಿಗೆ ನಿರಾಸೆಯಾಯಿತು, ನನಗೆ ಖುಷಿ. ಪಾಠದಲ್ಲಿ ಹೇಳಿದ್ದು ಎದುರಿಗೇ ಬಂತಲ್ಲ. ಸರಿಪಡಿಸಿದ 15.7750, 74.4767 ಅಲ್ಲಿಂದ ಮೂವತ್ತು ಹೆಜ್ಜೆಯೊಳಗೆ ಬಿತ್ತು. ಪಕ್ಕದ ಚಹಾದಂಗಡಿಯ ಚಾಚಾ ನಾವು ಏನನ್ನೂ ಕೇಳುವ ಮುಂಚೆಯೇ, ‘ಆ ಸ್ಕೂಟರ್‌ದವ್ರು ಬಿದ್ದದ್ದು ಹುಡುಕಾಕತ್ತೀರೇನು? ಇಲ್ಲೇ, ಈ ಸಿಡಿ ಮುಂದ’ ಎಂದು ಕಿರುಸೇತುವೆಯ ಕಡೆ ಕೈ ಮಾಡಿದರು. ಸೈಕಲ್ಲಿನ ಲೆಕ್ಕಕ್ಕೂ ಅವರ ಕೈಗೂ ಎಂಟು ಹತ್ತು ಮೀಟರ್ ವ್ಯತ್ಯಾಸ. ಹೆಸರಿನ ಪದ್ಧತಿಯನ್ನು ನಾನು ಮೇಲೆ ಅಷ್ಟು ಬೈದದ್ದು ಸ್ವಲ್ಪ ಹೆಚ್ಚಾಯಿತೇನೋ.

ನೀವೂ ಒಂದು ಕೆಲಸ ಮಾಡಿ. ನಿಮ್ಮ ಮನೆಯಿಂದ ಕಾಲೇಜಿಗೆ ಬರುವ ದಾರಿಯಲ್ಲಿ ಅಪಾಯ ಎನಿಸುವ ಒಂದು ಜಾಗವನ್ನು ಆರಿಸಿಕೊಂಡು ನಾಲ್ಕೂ ಪದ್ಧತಿಯಲ್ಲಿ ಬರೆದು ತನ್ನಿ. ಕಲ್ಲಿಲ್ಲದ ರಸ್ತೆಯಾದರೆ ‘ಕಲ್ಲಿಲ್ಲ’ ಎಂದೇ ಬರೆಯಿರಿ. ಯಾವ ಬದಿ ಎಂದು ಬರೆಯಲು ಮರೆಯಬೇಡಿ. ಅಪಘಾತ ಕಂಡು ಫೋನ್ ಮಾಡಬೇಕಾದರೆ ತಾಲೂಕು, ಊರಿನ ಪೂರ್ತಿ ಹೆಸರು, ಯಾವ ಊರಿನಿಂದ ಯಾವ ಊರಿಗೆ ಹೋಗುವ ಬದಿ, ಹತ್ತಿರದ ಕಲ್ಲಿನ ಅಂಕಿ, ಇಷ್ಟನ್ನು ಹೇಳಿ. ಸಹಾಯ ಮಾಡಿದವರನ್ನು ಸಾಕ್ಷಿಯಾಗಲೇಬೇಕೆಂದು ಒತ್ತಾಯಿಸುವಂತಿಲ್ಲ, ಹೆಸರು ಹೇಳಲೇಬೇಕೆಂದೂ ಇಲ್ಲ; 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ಅವರ ರಕ್ಷಣೆಗೇ ಇದೆ. ಹೆದರಿ ಮುಂದೆ ಹೋಗಬೇಡಿ.

ಮುಂದಿನ ಸೋಮವಾರ ಆ ಹುಡುಗ ವಕೀಲರಿಗೆ ಕೊಡಲು ಒಂದು ನಕಾಶೆ ಬರೆದು ತಂದ. ರೂಲರ್ ಹಿಡಿದು ಚೆನ್ನಾಗಿ ಬರೆದಿದ್ದ. ದೂರು, ಪಂಚನಾಮೆ, ಅಕ್ಷಾಂಶ-ರೇಖಾಂಶ, ಈ ಮೂರೂ ಒಂದು ಸಣ್ಣ ವೃತ್ತದ ಒಳಗೆ ಬಂದಿದ್ದವು. ಹಾಳೆಯ ಮೇಲಿನ ತುದಿಯಲ್ಲಿ, ಗೋವಾವೇಸ್ ಸರ್ಕಲ್ ಹತ್ತಿರ, ಒಂದು ಚುಕ್ಕೆ ಒಂಟಿಯಾಗಿ ಉಳಿದಿತ್ತು. ‘ಇದೊಂದು ಹೊಂದಲಿಲ್ಲ ಸರ್, ಆಸ್ಪತ್ರೆ ಕಾಗದದ್ದು. ಅವರಿಗೆ ಶಹಾಪುರ ಅಂತ ಯಾರ್ ಹೇಳಿದ್ರೋ’ ಎಂದ.

ನಾನೇ ಹೇಳಿದ್ದೆಂದು ಅವನಿಗೆ ಹೇಳಿದೆ. ಹಾಗೆಂದು ವಕೀಲರಿಗೆ ಬರೆದುಕೊಟ್ಟು ಸಹಿಯನ್ನೂ ಮಾಡಿದ್ದೇನೆ.